ಕೊಟ್ಟ ಮಾತು, ಹಾಸಿದ ಹಳಿ

ದೇಹಕ್ಕೆ ನರನಾಡಿಗಳು ಹೇಗೋ ನಾಡಿಗೆ ದಾರಿಗಳು ಹಾಗೆ. ಆದರೆ ಉಳಿದ ದಾರಿಗಳಿಗೂ ರೈಲುಮಾರ್ಗಕ್ಕೂ ಒಂದು ಅಂತರವಿದೆ. ಕಾಲುದಾರಿ ನಡುವೆಯೇ ಮುಗಿದರೂ ನಡೆಯುವವನು ಹೊಲದ ಬದುವಿನ ಮೇಲೆ ಹಾದು ಊರು ಸೇರಬಲ್ಲನು. ಹಳಿ ನಡುವೆಯೇ ಮುಗಿದರೆ ಬಂಡಿಯೂ ಅಲ್ಲಿಯೇ ನಿಲ್ಲುತ್ತದೆ. ಆದುದರಿಂದ ರೈಲುಮಾರ್ಗವನ್ನು ಆರಂಭಿಸುವುದೆಂದರೆ ಜನರಿಗೆ ಒಂದು ಮಾತು ಕೊಟ್ಟಂತೆ. ಅದನ್ನು ಪೂರ್ಣವಾಗಿ ನಡೆಸಿದಾಗಲೇ ಅದಕ್ಕೆ ಬೆಲೆ.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಸೀಮೆ ಈ ಸತ್ಯವನ್ನು ಬಹುಕಾಲದಿಂದ ಬಲ್ಲದು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಬರಗಾಲ ಕಾಡಿತು. ಧಾನ್ಯವಿದ್ದ ಕಡೆಯಿಂದ ಹಸಿವಿದ್ದ ಕಡೆಗೆ ಅದನ್ನು ಸಾಗಿಸುವ ಸಾಧನವಿಲ್ಲದೆ ಅಸಂಖ್ಯ ಜನ ಪ್ರಾಣ ಬಿಟ್ಟರು. ಆ ಅನುಭವದ ಫಲವಾಗಿ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹೊಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೂಲಕ ಗದಗಿನವರೆಗೆ ಹಳಿ ಹಾಸಿತು. ಆ ಶತಮಾನ ಮುಗಿಯುವ ಮೊದಲೇ ಪಶ್ಚಿಮದಲ್ಲಿ ಬೆಳಗಾವಿ, ಕುಡಚಿ, ಮೀರಜಗಳನ್ನು ಕೂಡಿಸುವ ಇನ್ನೊಂದು ಮಾರ್ಗವೂ ಸಿದ್ಧವಾಯಿತು. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಹಳಿ ಬಂದವು. ಇವೆರಡರ ನಡುವೆ ಇದ್ದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿಗಳಿಗೆ ಮಾತ್ರ ರೈಲು ಬರಲಿಲ್ಲ. ಜಮಖಂಡಿ ಮತ್ತು ಮುಧೋಳ ಅಂದು ಬೇರೆ ಬೇರೆ ಅರಸರ ಸಂಸ್ಥಾನಗಳಾಗಿದ್ದವು. 1948ರಲ್ಲಿ ಸಂಸ್ಥಾನಗಳು ಭಾರತದಲ್ಲಿ ವಿಲೀನವಾದವು, ಗಡಿಗಳು ಅಳಿದವು. ಆದರೂ ಹಳಿಗಳ ನಡುವಣ ಅಂತರ ಹಾಗೆಯೇ ಉಳಿಯಿತು.

ಈ ಸೀಮೆ ಬಡವಾದುದಲ್ಲ. ಇಲ್ಲಿಯ ಕರಿಮಣ್ಣಿನಲ್ಲಿ ಕಬ್ಬು ಆಳೆತ್ತರ ಬೆಳೆಯುತ್ತದೆ. ಮಹಾಲಿಂಗಪುರದ ಬೆಲ್ಲದ ಪೇಟೆ ದೂರದವರೆಗೆ ಹೆಸರಾಗಿದೆ. ಮುಧೋಳ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳೂ ಸಿಮೆಂಟಿಗೆ ಬೇಕಾದ ಸುಣ್ಣದ ಕಲ್ಲೂ ಇವೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಕೇಳದ ಮನೆಗಳು ವಿರಳ. ಆದರೆ ಸೀರೆಯ ಗಂಟು, ಸಕ್ಕರೆಯ ಚೀಲ, ಬೆಲ್ಲದ ಪೆಂಟೆ ಎಲ್ಲವೂ ಲಾರಿಯನ್ನೇ ನಂಬಬೇಕು. ಕಬ್ಬು ನುರಿಸುವ ಕಾಲದಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ರಸ್ತೆಯನ್ನೆಲ್ಲ ತುಂಬಿರುತ್ತವೆ. ಅವುಗಳ ನಡುವೆಯೇ ರೋಗಿಯನ್ನು ಒಯ್ಯುವ ವಾಹನವೂ ಶಾಲೆಯ ಮಕ್ಕಳ ಬಸ್ಸೂ ನುಸುಳಬೇಕು.

ಕೊನೆಗೆ 2010-11ರ ರೈಲ್ವೆ ಆಯವ್ಯಯದಲ್ಲಿ ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ಮಂಜೂರಾತಿ ದೊರೆಯಿತು. ಅದರ ಉದ್ದ ಸುಮಾರು 142 ಕಿಲೋಮೀಟರು. ವೆಚ್ಚದಲ್ಲಿ ಅರ್ಧವನ್ನು ರಾಜ್ಯ ಸರಕಾರ ಹೊರುವುದೆಂದೂ ಭೂಮಿಯನ್ನು ಅದೇ ಒದಗಿಸುವುದೆಂದೂ ಒಪ್ಪಂದವಾಯಿತು. ಬಾಗಲಕೋಟೆಯಿಂದ ಖಜ್ಜಿಡೋಣಿಯವರೆಗಿನ ಸುಮಾರು 30 ಕಿಲೋಮೀಟರು ಮೊದಲು ಪೂರ್ಣಗೊಂಡಿತು. ಮುಂದಿನ ಕೆಲಸ ಲೋಕಾಪುರದ ಕಡೆಗೆ ನಿಧಾನವಾಗಿ ಸಾಗಿತು. ಮಂಜೂರಾಗಿ ಹದಿನೈದು ವರ್ಷ ಕಳೆದ 2025ರಲ್ಲಿಯೂ ಹಳಿ ಕುಡಚಿಯನ್ನು ಮುಟ್ಟಿರಲಿಲ್ಲ.

ಒಳ್ಳೆಯ ರಸ್ತೆಗಳಿರುವಾಗ ರೈಲೇಕೆ ಎಂದು ಕೆಲವರು ಕೇಳುವುದುಂಟು. ಸಣ್ಣ ಊರುಗಳ ಟಿಕೆಟಿನ ಹಣದಿಂದ ಇಷ್ಟು ದೊಡ್ಡ ವೆಚ್ಚ ಮರಳಿ ಬಾರದೆಂದೂ ಹೇಳುವುದುಂಟು. ಈ ಮಾತುಗಳನ್ನು ತಳ್ಳಿಹಾಕಲಾಗದು, ತೂಗಿ ನೋಡಬೇಕು. ಒಂದು ಸರಕು ಬೋಗಿ ಸುಮಾರು 60 ಟನ್ ಭಾರ ಹೊರುತ್ತದೆ. ಅಂಥ ಹತ್ತಾರು ಬೋಗಿಗಳನ್ನು ಒಂದೇ ಎಂಜಿನ್ ಎಳೆಯುತ್ತದೆ. ಅಷ್ಟೇ ಭಾರವನ್ನು ಲಾರಿಗಳಲ್ಲಿ ಒಯ್ದರೆ ಇಂಧನ ಹೆಚ್ಚು ಬೇಕು, ರಸ್ತೆಯ ಸವೆತವೂ ಹೆಚ್ಚು. ಇನ್ನು ಲಾಭದ ಮಾತು. ಅರ್ಧ ಹಾಸಿದ ಹಳಿಯ ಆದಾಯವನ್ನು ನೋಡಿ ಇಡೀ ಮಾರ್ಗದ ಬೆಲೆ ಕಟ್ಟುವುದು ನ್ಯಾಯವಲ್ಲ. ಎರಡು ಹಳೆಯ ಮಾರ್ಗಗಳನ್ನು ಕೂಡಿಸುವುದರಲ್ಲಿಯೇ ಇದರ ಸಾರ್ಥಕತೆ ಇದೆ. ಒಂದು ತುದಿ ಮಾತ್ರ ಮುಟ್ಟಿದ ಸೇತುವೆಯಿಂದ ಯಾರೂ ಹೊಳೆ ದಾಟಲಾರರು.

ರೈಲಿನ ಮಾತು ಕೊಟ್ಟು ತಡಮಾಡಿದ ದೇಶ ಭಾರತವೊಂದೇ ಅಲ್ಲ. ಕೆನಡಾ ದೇಶದ ಪಶ್ಚಿಮ ತುದಿಯಲ್ಲಿ ಬ್ರಿಟಿಷ್ ಕೊಲಂಬಿಯಾ ಎಂಬ ಪ್ರಾಂತವಿದೆ. ಹತ್ತು ವರ್ಷಗಳೊಳಗೆ ಪೂರ್ವದ ಪ್ರಾಂತಗಳಿಗೆ ರೈಲುಮಾರ್ಗ ಕೂಡಿಸಿಕೊಡುವ ವಚನ ಪಡೆದೇ ಅದು 1871ರಲ್ಲಿ ಕೆನಡಾದ ಒಕ್ಕೂಟವನ್ನು ಸೇರಿತು. 1873ರಲ್ಲಿ ಮಾರ್ಗದ ಗುತ್ತಿಗೆಯ ಸಂಬಂಧ ಹಣದ ಹಗರಣ ಹೊರಬಿದ್ದು, ಪ್ರಧಾನಿ ಜಾನ್ ಮೆಕ್ಡೊನಾಲ್ಡರ ಮಂತ್ರಿಮಂಡಲವೇ ಉರುಳಿತು. ಕೆಲಸ ಕುಂಟಿತು. ಬೇಸತ್ತ ಪ್ರಾಂತವು ಒಕ್ಕೂಟವನ್ನೇ ಬಿಡುವ ಮಾತಾಡಿತು. ಕೊನೆಗೆ 1885ರ ನವೆಂಬರ್ 7ರಂದು ಕ್ರೇಗೆಲ್ಲಾಚಿ ಎಂಬಲ್ಲಿ ಕಡೆಯ ಮೊಳೆಯನ್ನು ಹೊಡೆಯಲಾಯಿತು. ಆ ಹೊತ್ತಿಗೆ ಗಡುವು ಮುಗಿದು ನಾಲ್ಕು ವರ್ಷ ಕಳೆದಿತ್ತು. ಆದರೂ ಗಡುವೊಂದು ಇದ್ದುದರಿಂದಲೇ ಅಲ್ಲಿಯ ಜನ ಅದನ್ನು ತೋರಿಸಿ ಕೇಳಬಲ್ಲವರಾದರು.

ಆ ಕಥೆಗೆ ಒಂದು ಕಪ್ಪು ಮುಖವೂ ಉಂಟು. ಪರ್ವತಗಳ ನಡುವೆ ಬಂಡೆ ಸಿಡಿಸಿ ದಾರಿ ಮಾಡಲು ಚೀನಾ ದೇಶದಿಂದ ಸಾವಿರಾರು ಕೂಲಿಗಳನ್ನು ಕರೆತರಲಾಗಿತ್ತು. ಅವರಿಗೆ ಕಡಮೆ ಕೂಲಿ, ಅಪಾಯದ ಕೆಲಸ. ನೂರಾರು ಮಂದಿ ಅಲ್ಲಿಯೇ ಸತ್ತರು. ಹಳಿ ಮುಗಿದ ಅದೇ 1885ರಲ್ಲಿ, ದೇಶಕ್ಕೆ ಬರುವ ಚೀನೀಯರ ಮೇಲೆ ತಲೆಗೆ 50 ಡಾಲರಿನಂತೆ ತೆರಿಗೆ ಹಾಕಲಾಯಿತು. ಈ ಅನ್ಯಾಯಕ್ಕಾಗಿ ಕೆನಡಾ ಸರಕಾರ ಕ್ಷಮೆ ಕೇಳಿದುದು 2006ರಲ್ಲಿ. ಹಳಿಯ ಮೇಲೆ ಓಡುವ ಬಂಡಿಯನ್ನು ಎಲ್ಲರೂ ನೋಡುತ್ತಾರೆ. ಹಳಿಗಾಗಿ ಬೆಲೆ ತೆತ್ತವರನ್ನು ನೆನೆಯುವವರು ಕಡಮೆ.

ಬಾಗಲಕೋಟೆಯ ಸೀಮೆಗೂ ಈ ಎಚ್ಚರ ಬೇಕು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟ ಬೀಳಗಿಯ ಹಳ್ಳಿಗರಿಗೆ ನೆಲ ಕಳೆದುಕೊಳ್ಳುವುದೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ರೈಲಿಗಾಗಿ ಭೂಮಿ ಕೊಡುವ ರೈತನಿಗೆ ತಕ್ಕ ಬೆಲೆ ತಕ್ಕ ಕಾಲಕ್ಕೆ ಸಲ್ಲಬೇಕು. ಅವನ ಕೈಗೆ ಹಣ ಸೇರುವುದು ತಡವಾದರೆ ಕೆಲಸವೂ ತಡವಾಗುತ್ತದೆ. ನ್ಯಾಯವೂ ವೇಗವೂ ಇಲ್ಲಿ ಒಂದನ್ನೊಂದು ವಿರೋಧಿಸುವುದಿಲ್ಲ.

ಮಾರ್ಗ ಪೂರ್ಣವಾಗಲು ಜನರು ಮಾಡಬಹುದಾದುದೇನು? ಉತ್ತರ ಜಮಖಂಡಿಯ ಸಮೀಪದಲ್ಲಿಯೇ ಇದೆ. 1989ರಲ್ಲಿ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು, ಚಿಕ್ಕಪಡಸಲಗಿಯಲ್ಲಿ ನದಿಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಬಂದಿತು. ರೈಲುಮಾರ್ಗವನ್ನು ಹಾಗೆ ಜನರೇ ಹಾಸಲಾಗದು, ನಿಜ. ಆದರೆ ಅದೇ ಒಗ್ಗಟ್ಟಿನಿಂದ ಅವರು ಲೆಕ್ಕ ಕೇಳಬಹುದು: ಈ ವರ್ಷ ಎಷ್ಟು ನೆಲ ಕೈಸೇರಿತು, ಎಷ್ಟು ಹಣ ಬಂದಿತು, ಎಷ್ಟು ಹಳಿ ಹಾಸಲಾಯಿತು? ಮುಧೋಳದವರು ಮುಧೋಳಕ್ಕೆಂದು, ಬನಹಟ್ಟಿಯವರು ಬನಹಟ್ಟಿಗೆಂದು ಕೇಳಿದರೆ ದನಿ ಸಣ್ಣದಾಗುತ್ತದೆ. ಕುಡಚಿಯವರೆಗೆ ಎಂದು ಎಲ್ಲರೂ ಕೇಳಿದರೆ ಅದಕ್ಕೆ ಬಲ ಬರುತ್ತದೆ.

ಸರಕಾರಗಳು ಬದಲಾಗುತ್ತವೆ, ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ. ಕೊಟ್ಟ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾದವರು ಊರಲ್ಲಿ ಉಳಿಯುವ ಜನರೇ. ಅವರು ಮರೆಯದಿದ್ದರೆ ಹಳಿ ಒಂದು ದಿನ ಕುಡಚಿಯನ್ನು ಮುಟ್ಟೀತು. ನೇಕಾರನ ಸೀರೆಯೂ ರೈತನ ಬೆಲ್ಲವೂ ಅದರ ಮೇಲೆ ದೂರದ ಪೇಟೆಗೆ ಹೊರಟಾವು.