14 ತಿರುವು, 800 ಹೆಂಚು

ತೀರ್ಥಹಳ್ಳಿ ಕಡೆಯ ನಮ್ಮ ಹಳೆ ಮನೆಯ ಮಾಡು ಹೋದ ಮಳೆಗಾಲದಲ್ಲಿ ನಾಲ್ಕು ಕಡೆ ಸೋರಿತು. ಹೆಂಚು ಬದಲಿಸದೆ ಗತಿಯಿರಲಿಲ್ಲ. ಕರಾವಳಿಯಲ್ಲಿ ಮನೆ ಕೆಡವಿದವರೊಬ್ಬರ ಹತ್ತಿರ ಗಟ್ಟಿಮುಟ್ಟಾದ ಹಳೆಯ ಮಂಗಳೂರು ಹೆಂಚು ಸಿಕ್ಕಿತು. ಸಾಗಿಸಲು ಹೆಬ್ರಿಯಲ್ಲಿ ಒಂದು ಡೀಸೆಲ್ ಪಿಕಪ್ ಗೊತ್ತು ಮಾಡಿದೆ.

"ಸಾರ್, 500 ಸಾಕು. ಘಾಟಿ ಹತ್ತಲಿಕ್ಕೆ ಉಂಟಲ್ಲ" ಎಂದ ಚಾಲಕ. ಮೂವತ್ತರ ಆಸುಪಾಸಿನ ಹುಡುಗ, ಗಾಡಿ ಅವನದೇ, ಸಾಲದ ಕಂತು ಇನ್ನೂ ಮುಗಿದಿಲ್ಲ. ನನಗೆ ಬೇಕಿದ್ದದ್ದು 800. ಎರಡು ಟ್ರಿಪ್ಪಿನ ಬಾಡಿಗೆ ಕಣ್ಣ ಮುಂದೆ ಬಂದು ನಿಂತಿತು. "ಜಾಗ ಇದೆಯಲ್ಲ ಮಾರಾಯ, ಹಾಕು" ಎಂದೆ. ಜಾಗವೇನೋ ಇತ್ತು. ಒಂದು ಹೆಂಚು ಎರಡೂಕಾಲು ಕಿಲೋ ಎಂದರೂ 800ಕ್ಕೆ 1,800 ಕಿಲೋ ಆಗುತ್ತದೆ ಎಂಬ ಗುಣಾಕಾರವನ್ನು ನಾನು ಮಾಡಿದ್ದು ಆಮೇಲೆ.

ಸೋಮೇಶ್ವರ ದಾಟಿದ ಮೇಲೆ ಆಗುಂಬೆ ಘಾಟಿ ಶುರು. ಹದಿನಾಲ್ಕು ತಿರುವುಗಳು. ಮಾರ್ಚ್ ತಿಂಗಳ ಮಧ್ಯಾಹ್ನ, ಗಾಳಿ ಅಲುಗುತ್ತಿರಲಿಲ್ಲ. ಆರನೆಯ ತಿರುವಿನಲ್ಲಿ ಹುಡುಗ ಮೀಟರಿನ ಮುಳ್ಳು ತೋರಿಸಿ "ಗಾಡಿ ಕಾಯ್ತಾ ಉಂಟು ಸಾರ್, ಸ್ವಲ್ಪ ನಿಲ್ಲಿಸುವನಾ?" ಎಂದ. ಮನೆಯಲ್ಲಿ ಮಾಡಿನ ಕೆಲಸದವರು ಕಾದಿದ್ದರು. "ಇನ್ನೇನು, ಮೇಲೆ ಹೋಗಿಯೇ ನಿಲ್ಲಿಸೋಣ" ಎಂದೆ. ಒಂಬತ್ತನೆಯ ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಬುಸ್ಸೆಂದಿತು.

ಇಳಿದವನೇ ನಾನು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದೆ. ಹುಡುಗ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದ. ಅವನ ಮುಂಗೈಯಲ್ಲಿ ಹಳೆಯದೊಂದು ಸುಟ್ಟ ಕಲೆಯಿತ್ತು, ಬೇರೆ ವಿವರಣೆ ಬೇಕಾಗಲಿಲ್ಲ. ಆ ಮುಚ್ಚಳ ಪ್ರೆಶರ್ ಕುಕ್ಕರಿನ ಮುಚ್ಚಳದ ತಮ್ಮ. ಒಳಗೆ ಒತ್ತಡ ಹಿಡಿದಿಟ್ಟು, 100 ಡಿಗ್ರಿಗೆ ಕುದಿಯಬೇಕಾದ ನೀರನ್ನು 115-120 ಡಿಗ್ರಿವರೆಗೂ ಕುದಿಯದಂತೆ ತಡೆಯುತ್ತದೆ. ತೆರೆದ ಕ್ಷಣ ಒತ್ತಡ ಇಳಿಯುತ್ತದೆ, ತಡೆದಿಟ್ಟ ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಕುಕ್ಕರ್ ಆರುವ ಮೊದಲು ಮುಚ್ಚಳ ತೆಗೆಯಬಾರದೆಂದು ಮನೆಯಲ್ಲಿ ಎಲ್ಲರಿಗೂ ಹೇಳುವವನು ನಾನೇ!

ನೆರಳಲ್ಲಿ ಕೂತು ಲೆಕ್ಕ ಹಾಕಿದೆ. ಗಾಡಿ, ಹೆಂಚು, ನಾವಿಬ್ಬರು ಸೇರಿ ಸುಮಾರು ಮೂರೂವರೆ ಟನ್. ಅದನ್ನು 500 ಮೀಟರ್ ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಹೆಚ್ಚುಕಮ್ಮಿ ಅರ್ಧ ಲೀಟರ್ ಡೀಸೆಲ್‌ನಲ್ಲಿದೆ. ಅಷ್ಟೇನಾ ಅನ್ನಬೇಡಿ. ಇಂಜಿನ್ ಉರಿಸಿದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಚಕ್ರಕ್ಕೆ ಸಿಗುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೋಗುತ್ತದೆ, ಮತ್ತೊಂದು ಹೆಚ್ಚಾಗಿ ತಂಪು ನೀರಿನ ತಲೆಗೆ. ಅಂದರೆ ನಮ್ಮ ಹೆಂಚು ಮೇಲೇರುವಷ್ಟರಲ್ಲಿ ಇಂಜಿನ್ನಿನ ನೀರಿಗೆ ಸೇರುವ ಶಾಖ 50 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಇಂಥ ಗಾಡಿಯಲ್ಲಿರುವ ನೀರೋ, ಹತ್ತು ಲೀಟರಿನ ಆಸುಪಾಸು. ಅರ್ಧ ಗಂಟೆಯ ಹತ್ತುವಿಕೆ ಎಂದರೆ ಬಕೆಟ್ಟಿಗೆ ಇಳಿಬಿಡುತ್ತೇವಲ್ಲ, ಅಂಥ ಒಂದು ಕಿಲೋವಾಟ್ ಕಾಯಿಲ್‌ಗಳು ಒಂಬತ್ತು ಹತ್ತು ಒಟ್ಟಿಗೆ ಉರಿದಂತೆ. ಆ ಶಾಖವನ್ನೆಲ್ಲ ರೇಡಿಯೇಟರ್ ಅಲ್ಲಿಂದಲ್ಲಿಗೇ ಗಾಳಿಗೆ ದಾಟಿಸುತ್ತಿರಬೇಕು.

ಸಪಾಟು ರಸ್ತೆಯಲ್ಲಿ ದಾಟಿಸುತ್ತದೆ. ಗಂಟೆಗೆ 60 ಕಿ.ಮೀ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ಘಾಟಿಯಲ್ಲಿ ವೇಗ ಹದಿನೈದೋ ಇಪ್ಪತ್ತೋ. ಉರಿ ಹೆಚ್ಚಿದ ಹೊತ್ತಿಗೇ ಗಾಳಿ ಕೈಕೊಡುತ್ತದೆ, ಉಳಿಯುವುದು ಫ್ಯಾನ್ ಒಂದೇ. ಡೀಸೆಲ್ ಇಂಜಿನ್ ಕಾಯುವುದಿಲ್ಲ ಎಂಬ ನಂಬಿಕೆ ಬಂದದ್ದೂ ಸಪಾಟು ರಸ್ತೆಯಿಂದಲೇ ಇರಬೇಕು. ಹೊರೆಯಿಲ್ಲದಾಗ ಅದು ತೀರಾ ಕಡಿಮೆ ಎಣ್ಣೆ ಉರಿಸಿ ತಣ್ಣಗಿರುತ್ತದೆ ನಿಜ. ಏರಿನಲ್ಲಿ ಪೆಡಲು ಪೂರ್ತಿ ಒತ್ತಿದಾಗ ಅದರ ಸ್ವಭಾವವೇ ಬೇರೆ.

ಇನ್ನೊಂದು ತಪ್ಪು ಹುಡುಗನದೇ. ಎಣ್ಣೆ ಉಳಿಸಲೆಂದು ಸಾಧ್ಯವಾದಲ್ಲೆಲ್ಲ ಮೂರನೇ ಗೇರಿನಲ್ಲಿ ಗಾಡಿಯನ್ನು ಒದ್ದಾಡಿಸಿದ್ದ. ಇಂಜಿನ್ ನಿಧಾನವಾಗಿ ತಿರುಗಿದರೆ ಬೆಲ್ಟಿಗೆ ಕಟ್ಟಿಕೊಂಡ ನೀರಿನ ಪಂಪೂ ಫ್ಯಾನೂ ನಿಧಾನ. ಎರಡನೇ ಗೇರಿಗೆ ಇಳಿಸಿದರೆ ಸದ್ದು ಜಾಸ್ತಿ, ಆದರೆ ನೀರು, ಗಾಳಿ ಎರಡೂ ಚುರುಕು. ಸದ್ದು ಕೇಳಿ ಇಂಜಿನ್ನಿಗೆ ಕಷ್ಟವಾಯಿತೆಂದು ಮರುಗುವವರು ನಮ್ಮಲ್ಲಿ ಬಹಳ. ಮುಳ್ಳು ಏರತೊಡಗಿದ ಕೂಡಲೇ ನಿಲ್ಲಿಸಿ, ನೀರು ಇನ್ನೂ ಒಳಗಿರುವಾಗ, ಇಂಜಿನ್ ಆರಿಸದೆ ಸುಮ್ಮನೆ ಓಡಲು ಬಿಟ್ಟಿದ್ದರೆ ಪಂಪು ಶಾಖವನ್ನು ಹೊರಗೆ ಸಾಗಿಸುತ್ತಿತ್ತು. ಕ್ಯಾಬಿನ್ನಿನ ಹೀಟರ್ ಹಾಕಿದರೂ ಅಷ್ಟಿಷ್ಟು ಶಾಖ ಹೊರಬೀಳುತ್ತದೆ. ಮಾರ್ಚ್ ಸೆಕೆಯಲ್ಲಿ ಹೀಟರಾ ಎಂದು ನಗುತ್ತೀರಿ. ನಗಿ, ಆದರೆ ಹಾಕಿ. ಹಬೆಯೆದ್ದು ನೀರು ಚೆಲ್ಲಿಹೋದ ಮೇಲೆ ಮಾತ್ರ ಇಂಜಿನ್ ಆರಿಸುವುದೊಂದೇ ದಾರಿ.

ಒಂದು ಗಂಟೆ ಕಾದೆವು. ಹುಡುಗ ಮುಚ್ಚಳಕ್ಕೆ ಒದ್ದೆ ಗೋಣಿ ಹಾಕಿ ಮೆಲ್ಲಗೆ ತಿರುಗಿಸಿದ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆಂದು ಅವನಿಗೆ ಗೊತ್ತಿತ್ತು, ತಂದಿದ್ದ ಕ್ಯಾನಿನಿಂದ ಲೋಟ ಲೋಟವಾಗಿ ಹಾಕಿದ. ಚಾಲೂ ಮಾಡಿದರೆ ಹಿಂದಿನ ಕೊಳವೆಯಲ್ಲಿ ದಪ್ಪ ಬಿಳಿ ಹೊಗೆ. ಆಯಿಲ್ ಕಡ್ಡಿ ಎಳೆದು ನೋಡಿದ. ಆಯಿಲ್ಲಿಗೆ ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿತ್ತು. ಅವನು ಏನೂ ಮಾತಾಡದೆ ಕಡ್ಡಿಯನ್ನು ಒರೆಸಿ ವಾಪಸು ಇಟ್ಟ.

ಈಗಿನ ಬಹಳಷ್ಟು ಡೀಸೆಲ್ ಇಂಜಿನ್‌ಗಳಲ್ಲಿ ಕೆಳಗಿನ ಬ್ಲಾಕು ಎರಕದ ಕಬ್ಬಿಣ, ಮೇಲಿನ ಹೆಡ್ಡು ಅಲ್ಯುಮಿನಿಯಂ. ಕಾದಾಗ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿ ಮೀರಿದರೆ ಹೆಡ್ಡು ಬಾಗುತ್ತದೆ, ನಡುವಿನ ಗ್ಯಾಸ್ಕೆಟ್ ಹರಿದು ನೀರೂ ಎಣ್ಣೆಯೂ ಬೆರೆಯುತ್ತವೆ. ಆರನೆಯ ತಿರುವಿನಲ್ಲಿ ನಿಂತಿದ್ದರೆ ಹದಿನೈದು ಇಪ್ಪತ್ತು ನಿಮಿಷ ಹೋಗುತ್ತಿತ್ತು, ಅಷ್ಟೆ.

ಗಾಡಿಯನ್ನು ಹಗ್ಗ ಕಟ್ಟಿ ಕೆಳಗೆ ಒಯ್ದರು. ಗ್ಯಾರೇಜಿನಲ್ಲಿ ಹೆಡ್ಡು ಬಿಚ್ಚಿದ ಮೆಕ್ಯಾನಿಕ್ ನಮಗಿಬ್ಬರಿಗೂ ಬೈದ. ರೇಡಿಯೇಟರ್ ಒಳಗೆ ತುಕ್ಕಿನ ಕೆಸರು, ಸುಣ್ಣದ ಪದರ. ಎರಡು ವರ್ಷದಿಂದ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದನಂತೆ. "ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಕೂಲಂಟ್ ಯಾಕೆ?" ಎಂಬುದು ಹುಡುಗನ ಪ್ರಶ್ನೆ. ಅದು ಹಿಮಕ್ಕಷ್ಟೇ ಅಲ್ಲ. ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಕೆಲವು ಡಿಗ್ರಿ ಮೇಲಕ್ಕೆ ತಳ್ಳುತ್ತದೆ. ಅಲ್ಲೇ ನಿಂತಿದ್ದ ಇನ್ನೊಬ್ಬರು "ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ಮತ್ತೆ ಕಾಯುವುದೇ ಇಲ್ಲ" ಎಂದು ಸಲಹೆ ಕೊಟ್ಟರು. ಸರಿಯಿರುವ ಥರ್ಮೋಸ್ಟಾಟ್ ಘಾಟಿಯ ಬಿಸಿಗೆ ಹೇಗೂ ಪೂರ್ತಿ ತೆರೆದೇ ಇರುತ್ತದೆ. ಕಿತ್ತರೆ ಸಪಾಟಿನಲ್ಲಿ ಇಂಜಿನ್ ಬೇಕಾದಷ್ಟು ಬಿಸಿಯೇರದೆ ಸವೆಯುತ್ತದೆ, ಎಣ್ಣೆಯನ್ನೂ ಜಾಸ್ತಿ ಕುಡಿಯುತ್ತದೆ.

ಗ್ಯಾರೇಜಿನ ಬಿಲ್ಲು ನಾನೇ ಕೊಟ್ಟೆ. ಆದರೆ ಗಾಡಿ ಎಂಟು ದಿನ ನಿಂತಿತ್ತು. ಕಂತಿನ ತಾರೀಖು ನಿಲ್ಲಲಿಲ್ಲ. ಆ ಎಂಟು ದಿನದ ಬಾಡಿಗೆಯನ್ನು ಅವನು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದದ್ದು ಮನೆಯಲ್ಲಿ ಹೆಂಡತಿ ಕೇಳಿದಾಗ. ಮರುದಿನ ಹೋಗಿ ಕೊಟ್ಟೆ. ಬೇಡ ಬೇಡ ಎನ್ನುತ್ತಲೇ ಎಣಿಸದೆ ಜೇಬಿಗೆ ಹಾಕಿಕೊಂಡ.

ಹೆಂಚುಗಳು ಅಷ್ಟು ದಿನವೂ ಘಾಟಿಯ ಬುಡದಲ್ಲಿ ಒಬ್ಬರ ಅಂಗಳದಲ್ಲಿದ್ದವು. ಗಾಡಿ ರಿಪೇರಿಯಾದ ಮೇಲೆ ಅವನೇ ಎರಡು ಟ್ರಿಪ್ಪಿನಲ್ಲಿ ಸಾಗಿಸಿದ, ಬೆಳಿಗ್ಗೆ ಆರಕ್ಕೆ ಹೊರಟು, ತಂಪಿರುವಾಗಲೇ. ಮೊದಲ ಟ್ರಿಪ್ಪಿಗೆ ನಾನು ಮುಂದಿನ ಸೀಟು ಹತ್ತಲು ಹೋದರೆ ಹುಡುಗ ತಡೆದ.

"ನೀವು ಬಸ್ಸಲ್ಲಿ ಬನ್ನಿ ಸಾರ್. ನಿಮ್ಮ ತೂಕಕ್ಕೆ ಮೂವತ್ತು ಹೆಂಚು ಹಿಡೀತದೆ."