ತಡೆದು ನೋಡುವ ಕಣ್ಣಿಲ್ಲದ ಅನುವಾದ

ಹಿರಿಯ ನಟಿ ಬಿ. ಸರೋಜಾದೇವಿ 2025ರ ಜುಲೈಯಲ್ಲಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಅಂತಿಮ ದರ್ಶನ ಪಡೆದರು. ಆ ಬಗ್ಗೆ ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಕನ್ನಡದ ಪೋಸ್ಟ್ ಸರಿಯಾಗಿಯೇ ಇತ್ತು. ಮೆಟಾ ಕಂಪನಿಯ ಸ್ವಯಂಚಾಲಿತ ಅನುವಾದ ಮಾತ್ರ ಮುಖ್ಯಮಂತ್ರಿಯವರೇ ತೀರಿಕೊಂಡರೆಂದು ಇಂಗ್ಲಿಷಿನಲ್ಲಿ ಬರೆಯಿತು. ಸರ್ಕಾರ ಆಕ್ಷೇಪಿಸಿತು, ಕಂಪನಿ ಕ್ಷಮೆ ಕೇಳಿತು. ಮುಖ್ಯಮಂತ್ರಿಯ ವಿಷಯವಾದ್ದರಿಂದ ತಪ್ಪು ಬೇಗ ಬಯಲಾಯಿತು. ರೈತನೊಬ್ಬನ ಜಮೀನಿನ ನೋಟಿಸಿನಲ್ಲಿ ಇಂಥದ್ದೇ ಆದರೆ ಹಿಡಿಯುವವರು ಯಾರು?

ಸರ್ವರ್‌ಲೆಸ್ ವಿಧಾನದಿಂದಾಗಿ ಅನುವಾದ ವ್ಯವಸ್ಥೆ ಕಟ್ಟುವುದು ಈಗ ಕಷ್ಟವಲ್ಲ. ಸರ್ವರ್‌ಲೆಸ್ ಎಂದರೆ ಸರ್ವರ್ ಇಲ್ಲ ಎಂದಲ್ಲ. ಅದನ್ನು ಕೊಂಡು, ಕಾದುಕೊಂಡು ಕೂರುವ ಗೋಜು ನಮಗಿಲ್ಲ ಎಂದರ್ಥ. ಅಮೆಜಾನ್‌ನ ಎಸ್3 ಉಗ್ರಾಣಕ್ಕೆ ಕಡತ ಬಂದು ಬಿದ್ದೊಡನೆ, 2014ರಲ್ಲಿ ಶುರುವಾದ ಲ್ಯಾಂಬ್ಡಾ ಸೇವೆಯಲ್ಲಿ ನಾವು ಬರೆದಿಟ್ಟ ಪುಟ್ಟ ಪ್ರೋಗ್ರಾಂ ಎಚ್ಚರಗೊಳ್ಳುತ್ತದೆ. ಪಠ್ಯವನ್ನು ಅನುವಾದ ಸೇವೆಗೆ ಒಪ್ಪಿಸುತ್ತದೆ, ಬಂದದ್ದನ್ನು ಬೇರೆಡೆ ಇಟ್ಟು ಮತ್ತೆ ಮಲಗುತ್ತದೆ. ಬಳಸಿದಷ್ಟಕ್ಕೇ ದುಡ್ಡು. ಸಣ್ಣ ಪತ್ರಿಕೆಗೂ ಸಹಕಾರ ಸಂಘಕ್ಕೂ ಎಟಕುವ ಸವಲತ್ತಿದು. ನಾನು ಇದರ ಪರವಾಗಿಯೇ ಇದ್ದೇನೆ.

ಆದರೆ ಕನ್ನಡ ಈ ಕೊಳವೆಯಲ್ಲಿ ಹರಿಯುವ ಬಗೆ ಬೇರೆ. ‘ಕ್ಷೇತ್ರ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಒತ್ತು, ಗುಣಿತಗಳನ್ನೆಲ್ಲ ಬಿಡಿಸಿ ಎಣಿಸುವ ಯೂನಿಕೋಡ್‌ನಲ್ಲಿ ಅದು ಏಳು ಸಂಕೇತ, ಒಂದೊಂದಕ್ಕೆ ಮೂರರಂತೆ 21 ಬೈಟ್. ಅಮೆಜಾನ್‌ನ ತಕ್ಷಣದ ಅನುವಾದ ಸೇವೆ ಒಂದು ಸಲಕ್ಕೆ ಒಪ್ಪುವುದು 10,000 ಬೈಟ್. ಇಂಗ್ಲಿಷಿಗೆ ಧಾರಾಳವಾದ ಈ ಮಿತಿ ಕನ್ನಡದ ಉದ್ದನೆಯ ಆದೇಶಕ್ಕೆ ಸಾಲದು, ತುಂಡರಿಸಲೇಬೇಕು. ಎಲ್ಲಿ ತುಂಡರಿಸುತ್ತೀರಿ? ಚುಕ್ಕಿ ಕಂಡಲ್ಲೆಲ್ಲ ಕತ್ತರಿಸಿದರೆ ‘ಸ.ನಂ.’, ‘ರೂ.’ ಬಂದಲ್ಲೆಲ್ಲ ವಾಕ್ಯ ಮುರಿಯುತ್ತದೆ. ಬೈಟ್ ಲೆಕ್ಕದಲ್ಲಿ ಕತ್ತರಿಸಿದರಂತೂ ಇನ್ನೂ ಅಪಾಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ನಿಷೇಧ ಅದರ ಬಾಲದಲ್ಲಿ. ‘ಶುಲ್ಕ ವಿಧಿಸತಕ್ಕದ್ದಲ್ಲ’ ಎಂಬಲ್ಲಿನ ‘ಅಲ್ಲ’ ಮುಂದಿನ ತುಂಡಿಗೆ ಹೋದರೆ ಆದೇಶವೇ ತಲೆಕೆಳಗು.

ಪದಗಳದ್ದು ಇನ್ನೊಂದು ಕಥೆ. ಪಹಣಿಯಲ್ಲಿ ‘ಖರಾಬು’ ಎಂದರೆ ಕೆಟ್ಟುಹೋದದ್ದು ಎಂದಲ್ಲ, ಸಾಗುವಳಿಗೆ ಬಾರದ ನೆಲ. ಅದರಲ್ಲೂ ‘ಅ’ ಖರಾಬು ಹಿಡುವಳಿದಾರನದು. ದಾರಿ, ಹಳ್ಳದಂಥ ‘ಬ’ ಖರಾಬು ಸಾರ್ವಜನಿಕರದು. ಜಮೀನಿನ ಪಾಲನ್ನು ಅಳೆದು ಬೇರ್ಪಡಿಸುವ ‘ಪೋಡಿ’ಯನ್ನು ಯಂತ್ರ ಏನೆಂದುಕೊಂಡೀತು? ಇದಕ್ಕೆಂದೇ ಅನುವಾದ ಸೇವೆಗಳಲ್ಲಿ ನಮ್ಮದೇ ಪದಪಟ್ಟಿ ಸೇರಿಸುವ ಅವಕಾಶವಿದೆ. ಆ ಪಟ್ಟಿ ಮಾಡಬೇಕಾದವರು ಎಂಜಿನಿಯರುಗಳಲ್ಲ. ಗ್ರಾಮ ಆಡಳಿತಾಧಿಕಾರಿಗಳು, ಸರ್ವೆಯರುಗಳು, ಕೋರ್ಟಿನ ಶಿರಸ್ತೇದಾರರು. ಅವರನ್ನು ಕೂರಿಸಿ ಕೇಳಿದರೆ ಒಂದು ತಾಲ್ಲೂಕು ಕಚೇರಿಯಲ್ಲೇ ನೂರಾರು ಪದ ಸಿಗುತ್ತವೆ.

ಸುಪ್ರೀಂ ಕೋರ್ಟ್ 2019ರಲ್ಲಿ ‘ಸುವಾಸ್’ ಅನುವಾದ ತಂತ್ರಾಂಶ ತಂದಾಗಲೂ ತಿದ್ದುವ ಅನುವಾದಕರನ್ನು ಕೈಬಿಡಲಿಲ್ಲ. ಅದೇ ಸರಿಯಾದ ದಾರಿ. ಸರ್ವರ್‌ಲೆಸ್ ಸರಪಳಿಯಲ್ಲಿ ಅನುವಾದಕ್ಕೂ ಪ್ರಕಟಣೆಗೂ ನಡುವೆ ಒಂದು ತಂಗುದಾಣ ಇಡಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ಕಡತ ಅಲ್ಲಿ ಕಾಯಲಿ, ಕನ್ನಡ ಬಲ್ಲವರೊಬ್ಬರು ಓದಿ ಒಪ್ಪಿದ ಮೇಲೆ ಹೊರಡಲಿ. ಇದಕ್ಕೆ ತಗಲುವುದು ಒಬ್ಬರ ಸಂಬಳ ಮತ್ತು ಒಂದಿಷ್ಟು ಹೊತ್ತು. ಅನುವಾದ ವ್ಯವಸ್ಥೆಗೆ ಟೆಂಡರ್ ಕರೆಯುವ ಇಲಾಖೆಗಳು ಪದಪಟ್ಟಿಯನ್ನೂ ಈ ಪರಿಶೀಲಕರ ಹುದ್ದೆಯನ್ನೂ ಟೆಂಡರ್ ಷರತ್ತಿನಲ್ಲೇ ಬರೆಯಬೇಕು.