ಪಿಟೀಲು ಒಂದೇ, ನುಡಿಸೋದು ಬೇರೆ

ಹುಚ್ಚರಾಯಸ್ವಾಮಿ ತೇರಿಗೆಂದು ಸೊರಬದಿಂದ ನನ್ನ ನಾದಿನಿ ಮಗಳನ್ನು ಕರೆದುಕೊಂಡು ಶಿಕಾರಿಪುರಕ್ಕೆ ಬಂದಿದ್ದಳು. ಬೆಂಗಳೂರಿನಿಂದ ನನ್ನ ಅಣ್ಣನ ಮಗನೂ ಬಂದಿದ್ದ. ಇಬ್ಬರ ಕೈಯಲ್ಲೂ ಒಂದೊಂದು ಪಿಟೀಲು ಪೆಟ್ಟಿಗೆ! ಎರಡು ದಿನ ಮನೆ ತುಂಬ ಸಂಗೀತ ಅಂತ ನಾನು ಹಿಗ್ಗಿದ್ದೇ ಬಂತು. ಹೋಳಿಗೆ ಬೇಯಿಸಿ ಹೊರಗೆ ಬರುವಷ್ಟರಲ್ಲಿ ಹುಡುಗಿ ಕಂಬದ ಮರೆಯಲ್ಲಿ ಕಣ್ಣೊರೆಸಿಕೊಳ್ತಾ ನಿಂತಿದ್ದಾಳೆ.

“ಏನಾಯ್ತೇ?” ಅಂದೆ.

“ಅತ್ತೆ, ನಾನು ಕಲಿತದ್ದೆಲ್ಲ ತಪ್ಪಂತೆ. ಪಿಟೀಲನ್ನ ನಿಂತು, ಗಲ್ಲದ ಕೆಳಗಿಟ್ಟು ನುಡಿಸಬೇಕಂತೆ. ಕಾಲ ಮೇಲೆ ಇಟ್ಕೊಳ್ಳೋದು ಹಳ್ಳಿಯವರ ಪದ್ಧತಿಯಂತೆ.”

ನಾದಿನಿಯೂ ಮುಖ ಸಪ್ಪಗೆ ಮಾಡಿಕೊಂಡು, “ಎರಡು ವರ್ಷ ಫೀಸು ಕಟ್ಟಿದ್ದು ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತಲ್ಲ ಅತ್ತಿಗೆ. ಊರಿಗೆ ಹೋದ ಕೂಡಲೇ ಪಾಠ ಬಿಡಿಸಿಬಿಡ್ತೀನಿ” ಅಂದಳು. ನಂಗೆ ಸಿಟ್ಟು ಬಂತು. ಹುಡುಗನ ಮೇಲಲ್ಲ. ಅವನು ಕಲೀತಿರೋದು ಪಾಶ್ಚಾತ್ಯ ಸಂಗೀತ, ಅವನಿಗೆ ಹೇಳಿಕೊಟ್ಟದ್ದನ್ನ ಅವನು ಹೇಳಿದ. ಆದರೆ ಒಂದು ಮಾತು ಕೇಳಿ ಮಗುವಿನ ಪಾಠ ಬಿಡಿಸ್ತೀನಿ ಅನ್ನೋದೇ?

ನಾನೇನು ವಿದುಷಿಯಲ್ಲ ಸೋದರಿಯರೇ. ಭದ್ರಾವತಿ ಆಕಾಶವಾಣಿ ಕೇಳ್ತಾ ಅಡಿಗೆ ಮಾಡಿದವಳು, ಮದುವೆಗೆ ಮುಂಚೆ ನಾಲ್ಕು ವರ್ಣ ಕಲಿತವಳು. ಆದರೂ ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿ ಎರಡು ಪಿಟೀಲನ್ನೂ ಚಾಪೆ ಮೇಲೆ ಇಡಿಸಿದೆ. ನೋಡಿದರೆ ಎರಡಕ್ಕೂ ಅದೇ ನಾಲ್ಕು ತಂತಿ, ಅದೇ ಬಿರಡೆ, ಅದೇ ಕುದುರೆ, ಅದೇ ಕಮಾನು. ಅಕ್ಕಿ ಒಂದೇ; ಒಂದು ಮನೆಯಲ್ಲಿ ರೊಟ್ಟಿ ತಟ್ಟುತ್ತಾರೆ, ಇನ್ನೊಂದರಲ್ಲಿ ಕಡುಬು ಬೇಯಿಸ್ತಾರೆ.

ಪಿಟೀಲು ನಮ್ಮದಲ್ಲ, ಯುರೋಪಿನಿಂದ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನ ಕಡೆ ಇಂಗ್ಲಿಷರ ವಾದ್ಯ ಕೇಳಿ, ಅದನ್ನು ಕಲಿತು, ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ಬಂದ ಸೊಸೆ ಈ ಮನೆಯ ನಡೆನುಡಿ ಕಲಿಯುವ ಹಾಗೆ ಪಿಟೀಲೂ ನಮ್ಮಲ್ಲಿ ನೆಲದ ಮೇಲೆ ಕೂತಿತು. ಕೂತದ್ದಕ್ಕೆ ಕಾರಣವಿದೆ. ಬಲಗಾಲನ್ನು ತುಸು ಮುಂದಿಟ್ಟು ಪಾದದ ಮೇಲೆ ಅದರ ತಲೆಯಿಟ್ಟು, ಇನ್ನೊಂದು ತುದಿಯನ್ನು ಎಡಭುಜಕ್ಕೆ, ಎದೆಗೆ ಆನಿಸಿದರೆ ವಾದ್ಯ ಅಲುಗುವುದಿಲ್ಲ. ಎಡಗೈಗೆ ಅದನ್ನು ಹಿಡಿಯುವ ಕೆಲಸವೇ ಇಲ್ಲ. ಬೆರಳುಗಳು ತಂತಿಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಜಾರುತ್ತವೆ. ಆ ಜಾರಾಟ ಇಲ್ಲದಿದ್ದರೆ ಗಮಕ ಎಲ್ಲಿಂದ ಬರಬೇಕು? ತೋಡಿಯ ಗಾಂಧಾರವನ್ನು ಅಲುಗಿಸದೆ ನುಡಿಸಿ ನೋಡಿ, ಅದು ತೋಡಿಯೇ ಅಲ್ಲ. ಬೆರಳು ಸಲೀಸಾಗಿ ಓಡಲೆಂದು ಒಂದಿಷ್ಟು ಎಣ್ಣೆ ಸವರಿಕೊಳ್ಳುವವರೂ ಇದ್ದಾರೆ. (ಕಮಾನಿಗೆ ಮಾತ್ರ ಎಣ್ಣೆ ಕೈ ತಾಗಿಸಬೇಡಿ. ತಾಗಿದರೆ ನಾದವೇ ಹೊರಡುವುದಿಲ್ಲ.)

ಅವರ ಸಂಗೀತದ ಅಗತ್ಯವೇ ಬೇರೆ. ಹತ್ತಾರು ಪಿಟೀಲುಗಳು ಒಟ್ಟಿಗೆ, ಎದುರಿಗೆ ಸ್ವರಲಿಪಿ ಇಟ್ಟುಕೊಂಡು ನುಡಿಸಬೇಕು. ಒಂದು ಗುಂಪು ಒಂದು ಸ್ವರ ಹಿಡಿದರೆ ಇನ್ನೊಂದು ಗುಂಪು ಅದಕ್ಕೆ ಹೊಂದುವ ಬೇರೆ ಸ್ವರ ಹಿಡಿಯುತ್ತದೆ. ಹಾಗಾಗಿ ಪ್ರತಿ ಸ್ವರವೂ ಅದರ ಜಾಗದಲ್ಲೇ ಚೊಕ್ಕವಾಗಿ ನಿಲ್ಲಬೇಕು. ತಂತಿಗಳ ಶ್ರುತಿಯೂ ಮೊದಲೇ ನಿಗದಿ: ಜಿ, ಡಿ, ಎ, ಇ. ನಮ್ಮಲ್ಲಿ ಸ, ಪ, ಸ, ಪ; ಅದೂ ಹಾಡುವವರ ಕಂಠ ಯಾವ ಶ್ರುತಿಯೋ ಆ ಶ್ರುತಿಗೆ. ಹಾಡುವಾಕೆ ಇಂದು ಒಬ್ಬಳು, ನಾಳೆ ಇನ್ನೊಬ್ಬಳು, ಪಿಟೀಲೇ ಹೊಂದಿಕೊಳ್ಳಬೇಕು.

ನಮ್ಮ ಮೈಸೂರು ಸೀಮೆಯ ಟಿ. ಚೌಡಯ್ಯನವರು (1895–1967) ಏನು ಮಾಡಿದರು ಗೊತ್ತೇ? ಕಚೇರಿಯಲ್ಲಿ ಹಿಂದೆ ಕೂತವರಿಗೂ ಕೇಳಲಿ ಅಂತ ನಾಲ್ಕರ ಜೊತೆ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಸಿಕೊಂಡರು.  ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. “ದಿನಾ ಬಸ್ಸಿನಲ್ಲಿ ಆ ದಾರೀಲೇ ಹೋಗ್ತೀಯಲ್ಲೋ” ಅಂದೆ. ಹುಡುಗ ತಲೆ ಕೆರೆದುಕೊಂಡ.

ಸ್ಪೇನ್ ದೇಶದಲ್ಲಿ ಗಿಟಾರಿಗೂ ಇದೇ ಕಥೆ. ಅಲ್ಲಿ ಫ್ಲಮೆಂಕೊ ಅಂತ ಒಂದು ಬಗೆ. ಜಿಪ್ಸಿಗಳ ಹಾಡು, ಕುಣಿತದ ಜೊತೆ ಬೆಳೆದದ್ದು. ಆ ಜಿಪ್ಸಿಗಳ ಮೂಲ ನಮ್ಮ ಭಾರತವೇ ಎಂದು ಅವರ ಭಾಷೆಯೇ ಹೇಳುತ್ತದೆ. ಕಾಲು ಕುಟ್ಟುವ ಸದ್ದಿನ ನಡುವೆ ಕೇಳಬೇಕಲ್ಲ, ಅದಕ್ಕೆ ಹಗುರ ಮರದ, ಚುರುಕು ನಾದದ ಗಿಟಾರು. ಉಗುರಿನಿಂದ ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸುತ್ತಾರೆ, ಪೆಟ್ಟಿಗೆಯ ಮೇಲೂ ತಟ್ಟುತ್ತಾರೆ. ಶಾಸ್ತ್ರೀಯದವರು ಎಡಗಾಲನ್ನು ಸಣ್ಣ ಮಣೆಯ ಮೇಲಿಟ್ಟು, ಬರೆದದ್ದನ್ನು ನೋಡಿ, ಒಂದೊಂದೇ ಸ್ವರವನ್ನು ತುಂಬಿ ನುಡಿಸುತ್ತಾರೆ. ಸೆಗೋವಿಯಾ ಆ ದಾರಿಯಲ್ಲಿ ದೊಡ್ಡವರು, ಪಾಕೊ ದೆ ಲೂಸಿಯಾ ಈ ದಾರಿಯಲ್ಲಿ. ಇದರಲ್ಲಿ ಯಾರು ತಪ್ಪು?

ಮಕ್ಕಳನ್ನು ಪಿಟೀಲಿಗೆ ಹಾಕುವ ತಾಯಂದಿರಿಗೆ ಎರಡು ಮಾತು. ಮೊದಲ ಕೆಲವು ವರ್ಷ ಒಂದೇ ಪದ್ಧತಿ ಇರಲಿ. ಕೈ ಕೂರುವ ಮುಂಚೆ ಎರಡನ್ನೂ ಬೆರೆಸಿದರೆ ಬೆರಳು ಗಲಿಬಿಲಿಯಾಗುತ್ತದೆ, ಸುಮ್ಮನೆ ಬಿರಡೆ ತಿರುಗಿಸಿ ತಿರುಗಿಸಿ ತಂತಿ ಹರಿಯುತ್ತದೆ. ಇನ್ನು, ಬೆಳೆಯೋ ಹುಡುಗಿ ಅಂತ ಲಂಗವನ್ನು ಉದ್ದ ಹೊಲಿಸುವ ಹಾಗೆ ಪಿಟೀಲನ್ನು ದೊಡ್ಡದು ಕೊಳ್ಳಬೇಡಿ. ಮಕ್ಕಳಿಗೆ ಕಾಲು, ಅರ್ಧ, ಮುಕ್ಕಾಲು ಅಂತ ಅಳತೆಗಳಿವೆ. ಮೇಷ್ಟರು ತೋಳಿನ ಉದ್ದ ನೋಡಿ ಹೇಳುತ್ತಾರೆ.

ಸಂಜೆ ಹುಡುಗಿ ಮಾಯಾಮಾಳವಗೌಳ ನುಡಿಸಿದಳು. ಬೆಂಗಳೂರಿನ ಹುಡುಗ ಅದೇ ಜಾರಾಟ ತನ್ನ ಪಿಟೀಲಿನಲ್ಲಿ ತರಲು ಹೋಗಿ, ಗಲ್ಲ ಬಿಗಿಹಿಡಿದು ಹೆಣಗಿ, ಕೊನೆಗೆ ತಾನೇ ಚಾಪೆಗೆ ಬಂದು ಕೂತ. ಹತ್ತು ನಿಮಿಷಕ್ಕೆ ಅವನ ಕಾಲು ಜೋಮು ಹಿಡಿಯಿತು. ಹುಡುಗಿ ನಕ್ಕಳು. ಮಾರನೇ ದಿನ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ನಾದಿನಿ ಆ ಪೆಟ್ಟಿಗೆಯನ್ನು ಮೇಲಿಡಲು ಒಪ್ಪದೆ ತನ್ನ ತೊಡೆಯ ಮೇಲೇ ಇಟ್ಟುಕೊಂಡಳು.